ಹೆಪ್ಪು

ಮಂಡ್ಯದ ದೊಡ್ಡಾಸ್ಪತ್ರೆ, ಹನ್ನೊಂದನೇ ಕೋಣೆ.
ಹೊರಗಿನ ಬೋರ್ಡಿನಲ್ಲಿ ಏನು ಬರೆದಿದೆಯೋ
ಯಾರೂ ನಿಂತು ಓದುವುದಿಲ್ಲ.
ಓದಿದರೆ, ಬಂದದ್ದು ಅದಕ್ಕೇ ಎಂದಾಗುತ್ತದಲ್ಲ.

ಚಿಕ್ಕತಾಯಮ್ಮ ಕುರ್ಚಿಯ ತುದಿಗೆ ಕೂತಳು,
ಗಾರ್ಮೆಂಟ್ಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ.
‘ಬಿಳಿ ಹೋಯ್ತದೆ’ ಅಂದಳು, ಮೇಜಿಗೆ.
ಆಮೇಲೆ ಗೋಡೆಗೆ: ‘ವಾಸ್ನೆ.’
ಆಮೇಲೆ, ಬಹಳ ಹೊತ್ತಿಗೆ, ನನಗೆ:
‘ನಾನು ಗಲೀಜು ಹೆಂಗ್ಸಲ್ಲ ಮೇಡಂ.’

ಅಲ್ಲವೇ ಅಲ್ಲ. ತೊಳೆದದ್ದನ್ನೆಲ್ಲ ನಾನೇ ಬರೆದುಕೊಂಡೆ:
ಬಿಸಿನೀರು, ಬೇವಿನ ಕಷಾಯ, ಪಟಿಕ,
ಡೆಟಾಲು ಮೊದಲು ಒಂದು ಮುಚ್ಚಳ, ಆಮೇಲೆ ಎರಡು,
ಬಟ್ಟೆ ಸೋಪನ್ನು ಬೆರಳಿಗೆ ಸವರಿ ಒಳಗೂ.
ಉರಿದರೆ ವಾಸಿಯಾಗುತ್ತಿದೆ ಅಂದುಕೊಂಡಳಂತೆ.
‘ಫ್ಯಾಕ್ಟ್ರಿ ಕಕ್ಕಸಿಂದ ಬಂದಿರ್ಬೌದು,
ನೂರಾರ್ ಜನ ಹೋಯ್ತರೆ.’

ಟ್ರೈನಿಂಗಿನಲ್ಲಿ ಕೊಟ್ಟ ಚಿತ್ರದ ಹಾಳೆಯಿತ್ತು,
ತುಂಬ ಬಾಣದ ಗುರುತು.
ಯಾಕೋ ಅದನ್ನು ಮಗುಚಿಟ್ಟೆ.
‘ಮನೇಲಿ ಹಾಲಿಗೆ ಹೆಪ್ಪು ಹಾಕ್ತೀರಲ್ಲ?
ನಮ್ಮೊಳಗೂ ಒಂದು ಹೆಪ್ಪಿದೆ ಕಣಮ್ಮ,
ಯಾರೂ ಹಾಕಿದ್ದಲ್ಲ, ತಾನೇ ಕೂಡಿಕೊಂಡದ್ದು,
ಒಂಚೂರು ಹುಳಿ ಇಟ್ಟುಕೊಂಡು ಬಾಗಿಲು ಕಾಯುತ್ತೆ.
ದಿನಾ ಡೆಟಾಲು ಸುರಿದರೆ ಸಾಯೋದು ಅದೇ.
ಹೊರಗೆ ಬರೀ ನೀರು ಸಾಕು. ಒಳಗೆ ಏನೂ ಬೇಡ.’

ಮೊದಲ ಸಲ ನಕ್ಕಳು:
‘ನಮ್ಮತ್ತೆನೂವೆ ಮೊಸ್ರು ಮಡಕೆಯ
ಉಜ್ಜಿ ಉಜ್ಜಿ ತೊಳಿಬ್ಯಾಡ ಅಂತಿದ್ರು.’

ಮುಂದಿನ ಮಾತು ಕಷ್ಟದ್ದು.
ಹೆಪ್ಪು ಕೆಟ್ಟದ್ದು ಒಂದಾದರೆ
ಪರೀಕ್ಷೆಯ ಚೀಟಿಯಲ್ಲಿದ್ದದ್ದು ಇನ್ನೊಂದು.
ಅದು ಕಕ್ಕಸಿನಿಂದ ಬರುವುದಿಲ್ಲ.
ಬೂದು ಕವರು ಎರಡು ಮೇಜಿನ ಮೇಲಿಟ್ಟೆ.
ಒಂದು ನಿಮಗೆ.
ಇನ್ನೊಂದನ್ನು ನೋಡುತ್ತಲೇ ಇದ್ದಳು.
‘ಬೆಲ್ಲದ ಲಾರಿ ಓಡುಸ್ತರೆ’ ಅಂದಳು, ‘ಗುಜರಾತ್‌ಗಂಟ.’
ನಾನು ಕೇಳಿರಲಿಲ್ಲ.

ಒಂಬತ್ತನೇ ದಿನ ಅವನು ಬಂದ.
ಅವಳು ಹೊರಗೆ ಬೆಂಚಿನಲ್ಲಿ, ಇವನು ಒಳಗೆ ನಿಂತೇ.
ಮರಿಸ್ವಾಮಿ, ನಲವತ್ತೆರಡು, ಇಸ್ತ್ರಿ ಮಾಡಿದ ಬಿಳಿ ಅಂಗಿ.
‘ನಂಗೇನೂ ಇಲ್ಲ. ಉರಿಯಿಲ್ಲ, ಕೀವಿಲ್ಲ.
ಆದ ತಕ್ಷಣ ಸೋಡಾದಲ್ಲಿ ತೊಳ್ಕತೀನಲ್ಲ,
ಸೋಡಾ ಸಿಗ್ದಿದ್ ಕಡೆ ನಿಂಬೆಹಣ್ಣು.’
ಹೇಳಿ ಮುಗಿದ ಮೇಲೆ ಹೊಳೆಯಿತು
ಏನು ಹೇಳಿದೆನೆಂದು.
ಬಾಗಿಲ ಪರದೆ ತೆಳ್ಳಗೆ.

ಇಬ್ಬರೂ ತೊಳೆದಿದ್ದರು.
ಅವಳು ತನ್ನದಲ್ಲದ್ದನ್ನು,
ಇವನು ತನ್ನದೇ ಆದದ್ದನ್ನು.

ಡ್ರಾಯರಿನಿಂದ ಮರದ ಮಾದರಿ ತೆಗೆದೆ.
‘ತೊಳೆಯೋದು ಆದಮೇಲಿನ ಮಾತು. ಇದು ಮೊದಲಿನದು.’
ಮಾತ್ರೆಯನ್ನು ನನ್ನೆದುರೇ ನುಂಗಿದ.
ನಿರೋಧದ ಪೊಟ್ಟಣ ಜೇಬಿಗೆ ಹಾಕಿದ, ತೆಗೆದ,
ಒಳಜೇಬಿಗೆ ಹಾಕಿದ.
ಹೊರಡುವಾಗ ತಿರುಗಿ:
‘ಅಲ್ಲ ಮೇಡಂ, ಸೋಪು ಯಾವ್ದು ಒಳ್ಳೇದು?’

ನನಗೆ ಸಿಟ್ಟು ಬರಬೇಕಿತ್ತು.

ಸಂಜೆ ಬೀಗ ಹಾಕಿ ಮೈಸೂರಿನ ಬಸ್ಸು ಹಿಡಿದೆ.
ನಮ್ಮ ಬಚ್ಚಲಲ್ಲಿ ಗುಲಾಬಿ ಬಣ್ಣದ ಬಾಟಲೊಂದಿದೆ,
ಮಲ್ಲಿಗೆ ವಾಸನೆಯದು, ‘ಒಳಗಿನ ತಾಜಾತನಕ್ಕೆ’,
ನಾನೇ ತಂದದ್ದು, ಅರ್ಧ ಮುಗಿದಿದೆ.
ಅದರ ಹಿಂದೆ ಸಣ್ಣಕ್ಷರದಲ್ಲಿ ಏನು ಬರೆದಿದೆಯೋ
ನಾನೂ ನಿಂತು ಓದಿಲ್ಲ.