ನಗಿಸಬ್ಯಾಡ

ಮುಟ್ಟು ನಿಂತು ಒಂಬತ್ತು ವರ್ಷಕ್ಕ
ಸೀರಿಗೆ ಕಲೆ ಬಿತ್ತು.
ನಸುಕಿನ್ಯಾಗ ಎದ್ದು ತೊಳದೆ,
ಮಗ್ಗದ ಸದ್ದು ಸುರು ಆಗೂದರೊಳಗ
ಹಿತ್ತಲದಾಗ ಹರವಿದೆ.
ನಾಕು ತಿಂಗಳು ಹಿಂಗ ತೊಳದೇನಿ.
ಗುಳೇದಗುಡ್ಡದಾಗ ನಮ್ಮ ಓಣಿ ಮನಿಗೋಳಿಗೆಲ್ಲಾ ಗ್ವಾಡಿ ಒಂದ,
ಆದರೂ ಯಾರಿಗೂ ಗೊತ್ತಾಗಲಿಲ್ಲ.

ಬೆಳಗಾವ್ಯಾಗ ಚೀಲ ತಗದರು.
"ಹಡದಾಗೇತಿ, ಇನ್ನೇನ ಮಾಡ್ತಿ ಅದನ್ನ?"
ಅಂದ್ರು ಮನಿಯವ್ರು,
ಹಳೇ ಕೈಮಗ್ಗ ಮಾರಿದಾಗ ಅಂದಾಂಗ.
ಒಳ್ಳೇ ಮನಸಿಂದ ಅಂದಿದ್ದು, ನನಗೂ ಗೊತ್ತು.
ಅವತ್ತ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದೆ.

ಕರೆಂಟ್ ಕೊಡೂ ಖೋಲಿ ನೆಲದ ಕೆಳಗ.
ಹೊರಗೊಂದು ಕಬ್ಬಿಣದ ಬೆಂಚು.
ತಾಸು ಮೊದಲ ಮೂರು ಗ್ಲಾಸ್ ನೀರು ಕುಡದು
ಬಿಡದ ಹಿಡಕೊಂಡು ಕುಂದ್ರಬೇಕು.
ಹೆಂಗ ಅಂತ ಹೇಳಿಕೊಟ್ಟಾಕಿ ನರ್ಸ್ ಅಲ್ಲ,
ಶಹಾಪುರದ ಚಂಪಾಬಾಯಿ:
"ಗಟಗಟ ಬ್ಯಾಡ, ಗುಟುಕ ಗುಟುಕ.
ತಡಿಲಾರದಾಂಗ ಆದರ ನೂರರಿಂದ ಹಿಂದಕ್ಕ ಎಣಸು.
ನಾ ಮರಾಠಿಯಾಗ ಎಣಸ್ತೇನಿ,
ಎಂಬತ್ತಕ್ಕ ಬರೂದರಾಗ ನನ್ನ ಹೆಸರು ಕೂಗತಾರ."

ಆಕಿ ಬಾಜೂಕ ಬೈಲಹೊಂಗಲದ ಹಾಜರಾಬಿ.
ಅತ್ತಾಗ ಸ್ವಪ್ನಾ ಟೀಚರ್, ಮೂವತ್ತಾರು ವರ್ಷ,
ಹಡದಿಲ್ಲ.
ಆ ಮಾತು ನಾವು ಎತ್ತಲಿಲ್ಲ.
ಒಂದಿನ ಆಕೀನ ಅಂದ್ಲು:
"ನಂದು ಹೊಸಾದ ಇತ್ತು ಅಕ್ಕಾ,
ಮಡಿಕಿ ಸುದ್ದಾ ಬಿಚ್ಚಿರಲಿಲ್ಲ."
ಹಾಜರಾಬಿ ಏನೂ ಅನ್ನಲಿಲ್ಲ.
ಆಕಿ ಜಡಿ ಬಿಚ್ಚಿ ಮತ್ತ ಹೆಣದ್ಲು,
ಬಿಗೀ, ಸಾಲಿ ಹುಡುಗಿಗೆ ಹೆಣದಾಂಗ.

ಉರಿ ಎಲ್ಲಿ, ಎಷ್ಟು,
ಗಂಡ ಬಾಜೂಕ ಬಂದರ ಏನ ಅನ್ನೂದು,
ಸತ್ತರ ಕಪಾಟಿನ ಕೀಲಿ ಯಾರ ಕೈಯಾಗ ಕೊಡೂದು,
ಡಾಕ್ಟರ್ ಮುಂದ ಬಾಯಿಗೆ ಬರದ್ದೆಲ್ಲಾ
ಅಲ್ಲಿ ಕುಂತು ಆಡಿದಿವಿ,
ಸೊಂಟದ ಮ್ಯಾಲ ಮೂರ ಮೂರು ಹಚ್ಚಿ ಚುಕ್ಕಿ,
ಕೈಯಾಗ ಖಾಲಿ ಬಾಟ್ಲಿ.

ಆ ಬೆಂಚಿನ ಮ್ಯಾಲ ನಗೂದು ಅಪಾಯ.
ತುಂಬಿದ ಕೊಡ ತುಳುಕೂದಿಲ್ಲ ಅಂದೆ ನಾನು.
"ಯಾರಂದ್ರು? ನಗಿಸಿ ನೋಡು!" ಅಂದ್ಲು ಚಂಪಾಬಾಯಿ.
ಮುಗೀತು.
ತೊಡಿ ಬಿಗಿ ಹಿಡದು, ಬಾಯಾಗ ಸೆರಗು ತುರಕೊಂಡು
ನಾಕೂ ಮಂದಿ,
"ನಗಿಸಬ್ಯಾಡ್ರೇ, ನಗಿಸಬ್ಯಾಡ್ರೇ..."
ಸ್ಟ್ರೆಚರ್ ದೂಡೂ ಹುಡುಗ ನಿಂತ ನೋಡಿದ.

ಇಪ್ಪತ್ತೈದು ಮುಗದು ಊರಿಗೆ ಬಂದೇನಿ.
ಖಣದ ಅಂಚು ಮತ್ತ ಕೈಗೆ ಹತ್ತೇತಿ.
ಆದರ ಹನ್ನೊಂದು ಹೊಡದರ ಸಾಕು,
ಗೊತ್ತಿಲ್ಲದ ತಂಬಿಗಿ ಎತ್ತತೇನಿ.
ಆಗ ಸ್ವಪ್ನಾಂದು ಫೋನ್.
"ಕುಡದ್ರ್ಯಾ?"
"ಕುಡದೆ."
ಅಷ್ಟ. ಇಟ್ಟಬಿಡತೇವಿ.
ಹಾಜರಾಬಿ ಫೋನ್ ಸೊಸಿ ಎತ್ತತಾಳ,
"ಮಲಗ್ಯಾರ" ಅಂತಾಳ, ದಿನಾ.

ಚಂಪಾಬಾಯಿಗೆ ಮತ್ತ ಕರದಾರ,
ಈ ಸಲ ಎದಿ ಫೋಟೋಕ್ಕ.
ಎಣಿಕಿ ಎಂಬತ್ತರ ಕೆಳಗ ಇಳದೇತೋ ಏನೋ,
ಕೇಳಿದರ ಹೇಳೂದಿಲ್ಲ.
ನಿನ್ನೆ ಭಾಳ ಹೊತ್ತು ಬರೇ ಉಸಿರು,
ಆಮ್ಯಾಲ ಮೆಲ್ಲಕ:
"ಏನರ ಅನ್ನ, ತಂಗಿ. ನಗಿಸು.
ಇವತ್ತ ಕೊಡ ಖಾಲಿ ಐತಿ."