ಸರಕು: ಕುದುರಿ

ಎಪಿಎಂಸಿ ವೇಬ್ರಿಜ್ಜಿನ ಹುಡುಗ ನಕ್ಕ.
"ಗಾಡಿ ನಂಬರ್?"
ನಂಬರ್ ಇಲ್ಲೋ ತಮ್ಮಾ, ಟಾಂಗಾ ಬಿಚ್ಚಿಟ್ಟು ಬಂದೀನಿ,
ಬರೇ ಕುದುರಿ.
ಹಿಂದ ಜ್ವಾಳದ ಲಾರಿ ಒಂದ ಸಮ ಹಾರ್ನ್ ಹೊಡೀತಿತ್ತು.
ಬತಾಸಿ ಕಬ್ಬಿಣದ ಹಾಸಿನ ಮ್ಯಾಲ ಕಾಲಿಟ್ಟಳು,
ಟಣ್ ಅಂದ ಸಪ್ಪಳಕ್ಕ ಕಿವಿ ನಿಗುರಿಸಿ ನಿಂತಳು.
ನಾ ಹಗ್ಗ ಉದ್ದ ಬಿಟ್ಟು ದೂರ ಸರದೆ,
ನನ್ನ ಭಾರ ಆಕಿ ಲೆಕ್ಕಕ್ಕ ಹತ್ತಬಾರದಲ್ಲ.
ಚೀಟಿ ಬಂತು.
ಸರಕು: ಕುದುರಿ. ಇನ್ನೂರಾ ಎಂಬತ್ತು ಕಿಲೋ.

ಒಂಬತ್ತು ವರ್ಷ ಗೋಳಗುಮ್ಮಟದ ಮುಂದ ನಿಂತೀವಿ ಇಬ್ಬರೂ.
ಎಷ್ಟು ಮಂದೀನ ಎಳದಾಳೋ,
ಆಕೀದ ತೂಕ ಯಾರೂ ಕೇಳಿರಲಿಲ್ಲ.
ನಾನೂ.

ಕೇಳಿದಾಕಿ ದನದ ದವಾಖಾನಿ ಡಾಕ್ಟರಬಾಯಿ.
ಲದ್ದಿ ಕಲಿಸಿ, ಸೋಸಿ, ದುರ್ಬೀನಿಗೆ ಕಣ್ಣ ಹಚ್ಚಿ
"ಹುಳದ ತತ್ತಿ ಭಾಳ ಅದಾವು, ಚಾಂದಸಾಬ್" ಅಂದಳು.
ಕೂದಲ ಒರಟಾದಾಗ ನಾ ಎಣ್ಣಿ ತಿಕ್ಕಿದ್ದೆ.
ಹೊಟ್ಟಿ ಜೋತಾಗ, ಯಾಕ ಮುಚ್ಚಿಡಲಿ,
ಮರಿ ಐತಿ ಅಂತ ಓಣಿಗೆಲ್ಲಾ ಸಕ್ಕರಿ ಹಂಚಿದ್ದೆ.

ಹ್ವಾದ ವರ್ಷ ನಾನೂ ಭಾವ ಬಾಬುಲಾಲನೂ
ಒಂದ ಟ್ಯೂಬ್ ತಂದು ನಾಕು ಕುದುರಿಗೆ ಹಂಚಿದ್ವಿ,
ಕಣ್ಣಂದಾಜು, ಚಟ್ನಿ ಬಡಿಸಿದಂಗ.
"ಕಮ್ಮಿ ಕೊಟ್ಟರ ಉಳಿದ ಹುಳ
ಔಷಧದ ಗುಟ್ಟ ಕಲಿತಾವು" ಅಂದಳು ಆಕಿ.
ನಾ ತಲಿ ತಗ್ಗಿಸಿದೆ. ಉಳಿಸಿದ್ದು ನಾಲ್ಕುನೂರು ರೂಪಾಯಿ.

ಈ ಸಲ ಹಳೇ ಪಿಚಕಾರಿ ತೊಳದು
ಬೆಲ್ಲದ ಪಾಕ ತುಂಬಿ, ಒಂದು ವಾರ ದಿನಾ ಸಂಜಿಕ
ಬತಾಸಿ ಬಾಯಿಗೆ ಹಿಡದೆ.
ಮದಲನೇ ದಿನ ನನ್ನ ಅಂಗಿ ತುಂಬ ಬೆಲ್ಲ.
ನಾಕನೇ ದಿನ ತಾನ ತುಟಿ ಚಾಚಿದಳು.

ಶನಿವಾರ ನಸುಕಿನ್ಯಾಗ ಮೇವು ಹಾಕಲಿಲ್ಲ.
ಬಾಯಾಗ ಕಣಿಕಿ ಉಳಿದರ ಕಣಿಕಿ ಸಂಗಾಟ ಔಷಧಾನೂ ಉಗುಳತಾಳ.
ಮಮ್ಮಗಳು ಶಮೀಮ್ ಚೀಟಿ ಓದಿದಳು,
ನಾ ಉಂಗುರ ತಿರುವಿ ಮುಂದಿನ ಗೀಟಿಗೆ, ಮುನ್ನೂರಕ್ಕ, ತಂದು ಬಿಗಿದೆ.
"ಇನ್ನೊಮ್ಮೆ ನೋಡವಾ."
"ಮುನ್ನೂರ, ದಾದಾ."
ಎದುರಿಗೆ ನಿಲ್ಲಲಿಲ್ಲ, ಎಡ ಹೆಗಲಿಗೆ ಹೆಗಲ ಹಚ್ಚಿದೆ.
ಮುಂದಿನ ಹಲ್ಲಿಗೂ ಹಿಂದಿನ ದವಡಿಗೂ ನಡುವ
ಒಂದು ಖಾಲಿ ಓಣಿ ಐತಿ,
ಒಂಬತ್ತು ವರ್ಷ ನನ್ನ ಕಡಿವಾಣದ ಕಬ್ಬಿಣ ಕುಂತ ಜಾಗ.
ಆ ಓಣಿಲಿಂದನ ಒಳಗ ಹೋಗಿ
ನಾಲಿಗಿ ಬುಡಕ್ಕ ಒತ್ತಿದೆ.
ಗದ್ದ ತುಸು ಎತ್ತಿ ಹಿಡದೆ. ಭಾಳ ಎತ್ತಬಾರದು.
ಆಕಿ ನನ್ನ ನೋಡಿದಳು,
ಬೆಲ್ಲ ಅಲ್ಲಲ್ಲೋ ಇದು ಅಂದಂಗ.
ಗಂಟಲದಾಗ ಒಂದು ಉಂಡಿ ಇಳೀತು.

ನೆಲಕ್ಕ ಬಿದ್ದ ಒಂದು ಚುಕ್ಕಿ ನೆಕ್ಕಾಕ ಓಣಿ ನಾಯಿ ಬಂತು.
ಹಚಾ ಅಂದು ಓಡಿಸಿ, ಮಣ್ಣ ಸುದ್ದಾ ಕೆರದು ತಗದೆ;
ಕುದುರಿ ಔಷಧ ನಾಯಿ ಜೀವಕ್ಕ ಎರವು.

ಕೈ ತೊಳೀತಿದ್ದಾಗ ಶಮೀಮ್ ಕಂಪಾಸ್ ಬಾಕ್ಸ್ ತಗದು
ಕಾಗದದಾಗ ಸುತ್ತಿದ ಬಿಳಿ ಗುಳಿಗಿ ತೋರಿಸಿದಳು.
ಸಾಲ್ಯಾಗ ಕೊಟ್ಟ ಜಂತುಹುಳದ್ದು, ನುಂಗಿದಂಗ ಮಾಡಿ ಮುಚ್ಚಿಟ್ಟಾಳ.
"ನಮಗ ಯಾರೂ ಬೆಲ್ಲ ಕೊಟ್ಟ ಕಲಿಸಲಿಲ್ಲಲ್ಲ?"
ನನ್ನಂತ್ಯಾಕ ಮಾತ ಇರಲಿಲ್ಲ.
ಈಗ ನುಂಗಬ್ಯಾಡ, ಸೋಮಾರ ಟೀಚರಗ ತೋರಸೋಣ,
ನಾನೂ ಬರತೀನಿ ಅಂದೆ.

ಮಧ್ಯಾಹ್ನ ಗುಮ್ಮಟದ ಗೇಟಿಗೆ ಏಳು ಮಂದಿ ಬಂದರು,
"ಎಲ್ಲಾರೂ ಹಿಡೀತೀವೇನ್ರಿ?"
ಕಿಸೆದಾಗಿಂದ ಚೀಟಿ ತಗದು ಕೊಟ್ಟೆ.
ಅವ ತಿರುವಿ ಮುರುವಿ ಓದಿದ,
"ಇದು ಯಾರ್ದು?"
ಬತಾಸಿ ಬಾಲ ಬೀಸಿ ನೊಣ ಹೊಡದಳು.
ಮೂವರು ಹತ್ತಿದರು.