ಮಾಡು ತೋರಿಸುವವನು

ಮೂರು ಗುರುವಾರ ನಾನು ನೋಡಿದ್ದು
ಐತಪ್ಪನ ಮನೆಯ ಮಾಡು ಮಾತ್ರ.
ಹಂಚು, ಪಕಾಸು, ನಡುವೆ ಒಂದು ಗಾಜಿನ ಹಂಚು,
ಅದರಷ್ಟಗಲದ ಆಕಾಶ.
ಫೋನನ್ನು ಅಂಗಾತ ಮಲಗಿಸಿ
ಆಚೆ ಕೂತು ಮಾತಾಡುತ್ತಾನೆ.
'ಮುಖ ಕಂಡರೆ ಒಳ್ಳೆಯದಿತ್ತು' ಅಂದೆ.
'ನೆಟ್‌ವರ್ಕ್ ಇಲ್ಲ ಟೀಚರೇ' ಅಂದ,
ಪಕ್ಕದಲ್ಲೇ ಕೂತವನಷ್ಟು ಸ್ಪಷ್ಟವಾಗಿ.

ನಾನು ಟೀಚರಲ್ಲ. ತಿದ್ದಲಿಲ್ಲ.
ಮಂಜೇಶ್ವರದ ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಕೋಣೆಯ
ಬಾಗಿಲ ಮೇಲೆ ಇನ್ನೂ 'ಲಸಿಕೆ' ಎಂದೇ ಇದೆ.
ಮೂಲೆಯಲ್ಲಿ ಹಳೆಯ ಫ್ರಿಜ್ಜಿನ ಗೊರಕೆ,
ಅದರೊಳಗೀಗ ಸಿಸ್ಟರುಗಳ ಮಜ್ಜಿಗೆ, ಯಾರದೋ ಮೀನುಸಾರು.
ಗೋಡೆಯ ಪೋಲಿಯೋ ಮಗುವನ್ನು ಬೆನ್ನಿಂದ ಮರೆಮಾಡಿ
ಕೂರುತ್ತೇನೆ.

ನೋಡಲಿಕ್ಕೆ ಇಲ್ಲದ್ದರಿಂದ ಕೇಳುವುದನ್ನು ಕಲಿತೆ.
ಮಲಯಾಳಂನಲ್ಲಿ 'ಕುಳಪ್ಪಮಿಲ್ಲ' ಅಂದರೆ
ಆ ವಾರ ಏನೋ ಆಗಿದೆ.
ಲೆಕ್ಕ ಹೇಳುವುದು ಕನ್ನಡದಲ್ಲಿ, ಅದು ಶಾಲೆಯ ಭಾಷೆ:
'ಸೋಮವಾರ ಇಲ್ಲ. ಮಂಗಳವಾರ ಇಲ್ಲ.
ಬುಧವಾರ ಅರ್ಧ.'
ಅರ್ಧಕ್ಕೆ ನನ್ನ ಫಾರಮ್ಮಿನಲ್ಲಿ ಕಾಲಂ ಇಲ್ಲ.
ತುಳುವಿನಲ್ಲಿ ಮಾತ್ರ ಏನನ್ನೂ ಹೇಳಿರಲಿಲ್ಲ,
ನೀರು ಕೊಡಲು ಬಂದ ಗುಲಾಬಿಗೆ
ಒಮ್ಮೆ ಗದರಿದ್ದು ಬಿಟ್ಟರೆ.

ನಾಲ್ಕನೆಯ ವಾರ ಕೈಪಿಡಿ ನೋಡಿ ಹೇಳಿದೆ:
ಕುಡಿಯಬೇಕೆನಿಸುವುದು ತೆರೆಯ ಹಾಗೆ,
ಏರುತ್ತದೆ, ಇಳಿಯುತ್ತದೆ,
ಇಪ್ಪತ್ತು ನಿಮಿಷ ಕಾದರೆ ದಾಟಿ ಹೋಗುತ್ತದೆ.
ಮಾಡು ಸ್ವಲ್ಪ ಹೊತ್ತು ಸುಮ್ಮನಿತ್ತು.
ಆಮೇಲೆ ನಗು.
'ನೀವು ಕಡಲಿಗೆ ಹೋದವರಲ್ಲ, ಅಲ್ಲವಾ?
ತೆರೆ ಒಂದೇ ಬರುವುದಿಲ್ಲ ಟೀಚರೇ.
ಬರೆದವರಿಗೆ ಹೇಳಿ ಇದನ್ನು.'

ಯಾರಿಗೂ ಹೇಳಲಿಲ್ಲ. ತಿಂಗಳ ವರದಿಯಲ್ಲಿ
'ಸಹಕರಿಸುತ್ತಿದ್ದಾರೆ' ಎಂದು ಬರೆದೆ.

ಅದರ ಮುಂದಿನ ವಾರ ಮಾಡಿಲ್ಲ.
ಕತ್ತಲು, ಮೋಟಾರಿನ ಸದ್ದು.
ಉಪ್ಪಳದ ಐಸ್ ಪ್ಲಾಂಟು. ಬದಲಿಯವ ಬಂದಿಲ್ಲವಂತೆ,
ಬಿಟ್ಟು ಹೋಗುವ ಹಾಗಿಲ್ಲ.
ಎಲ್ಲಿಗೋ ಒರಗಿಸಿದ ಫೋನು ಜಾರಿ ತಿರುಗಿತು:
ಮುಖ.
ನಾನು ಎಣಿಸಿದ್ದಕ್ಕಿಂತ ಚಿಕ್ಕವನು.
ಬಾಯಿಂದ ಹೊಗೆಯಂತೆ ಉಸಿರು.
'ಯಾನ್ ಪರಿಯೆ' ಅಂದ.
ಕುಡಿದೆ ಎಂದು. ತುಳುವಿನಲ್ಲಿ.
'ಕೋಡೆ. ಇನಿ ಇಜ್ಜಿ. ಎಂಕ್ ಪೋಡಿಗೆ ಆಪುಂಡು.'
ನಿನ್ನೆ. ಇವತ್ತಿಲ್ಲ. ಹೆದರಿಕೆಯಾಗುತ್ತದೆ.

ಕೈ ಎತ್ತಿ ತೋರಿಸಿದ. ಚಿತ್ರವೇ ನಡುಗುತ್ತಿದೆಯೋ ಎಂದು
ಅವನ ಹಿಂದಿನ ಗೋಡೆ ನೋಡಿದೆ.
ಗೋಡೆ ನೆಟ್ಟಗಿತ್ತು.
ಅದೇ ಕೈಯಲ್ಲಿ ಬಂಡೆಯಿಂದ ಒಂದು ತುಂಡು ಒಡೆದು,
ಗೆರಟೆಯಷ್ಟು, ಗೋಣಿಯ ಮೇಲಿಟ್ಟ.
'ಇದು ಕರಗುವವರೆಗೆ ಎಲ್ಲಿಗೂ ಹೋಗುವುದಿಲ್ಲ ನಾನು.
ಈಗ ಹೀಗೆ ಮಾಡುತ್ತೇನೆ. ಕೆಲವು ಸಲ
ಎರಡನೆಯದು ಬೇಕಾಗುತ್ತದೆ.
ನಿನ್ನೆ ರಜೆ. ಮನೆಯಲ್ಲಿ ಎಲ್ಲಿಯ ಐಸು?'

ಕೈಪಿಡಿಯಲ್ಲಿ ಇದಕ್ಕೊಂದು ಹೆಸರಿರಬಹುದು.
'ಆ ನಡುಕಕ್ಕೆ ಐಸು ಸಾಲದು' ಅಂದೆ,
'ಶನಿವಾರ ಡಾಕ್ಟರು ಇರುತ್ತಾರೆ, ಬನ್ನಿ.'
'ಚೀಟಿಯ ಸಾಲಿನಲ್ಲಿ ನಮ್ಮೂರವರೇ ಇರುತ್ತಾರೆ.'
'ಹಿಂದೊಂದು ಬಾಗಿಲುಂಟು. ಲಸಿಕೆ ಅಂತ ಬರೆದದ್ದು.'
'ಈ ಪ್ರಾಯಕ್ಕೆ ಲಸಿಕೆಯಾ' ಅಂದ.
ಇಬ್ಬರೂ ನಕ್ಕೆವು, ಗೋಣಿಯಡಿ ನೀರು ಹರಿಯುತ್ತಿತ್ತು.

ಶನಿವಾರ ಬರಲಿಲ್ಲ.

ಇವತ್ತು ಗುರುವಾರ, ಮೂರೂವರೆ ಕಳೆದು ಹನ್ನೊಂದು ನಿಮಿಷ.
ಪರದೆಯಲ್ಲಿ ನಾನೊಬ್ಬಳೇ,
ನನ್ನನ್ನು ನಾನೇ ವಿಚಾರಿಸಲು ಕೂತ ಹಾಗೆ.
ಎದ್ದು, ಮಜ್ಜಿಗೆಯ ಹಿಂದಿನ ಟ್ರೇಯಿಂದ
ಒಂದು ತುಂಡು ಕಿತ್ತು ಸ್ಟೀಲಿನ ತಟ್ಟೆಯಲ್ಲಿಟ್ಟೆ.
ಎಷ್ಟು ಚಿಕ್ಕದು, ಎಷ್ಟು ಹೊತ್ತು!
ಕೈ ಮೂರು ಸಲ ಫೋನಿನತ್ತ ಹೋಯಿತು,
ಗುಲಾಬಿಗೆ ಕರೆಮಾಡಲು. ಮಾಡಬಾರದು, ಅವನು ಒಪ್ಪಿಲ್ಲ.
ಗೋಲಿಯಷ್ಟಾಗಿ, ಅಲಸಂಡೆ ಬೀಜದಷ್ಟಾಗಿ
ತುಂಡು ತನ್ನದೇ ನೀರಿನಲ್ಲಿ
ತಟ್ಟನೆ ಜಾರಿತು.

ಟಿಂಗ್.
ಮಾಡು.
ಹಂಚು, ಪಕಾಸು. ಗಾಜಿನ ಹಂಚಿಗೆ
ಒಂದು ಹಲಸಿನೆಲೆ ಅಂಟಿದೆ, ಮೊದಲು ಇರಲಿಲ್ಲ.
ಆಚೆ ಯಾರೋ ಕೆಮ್ಮಿದರು.
ಕೆಮ್ಮಿಗೆ ಭಾಷೆಯಿಲ್ಲ.
ತಟ್ಟೆಯನ್ನು ಬದಿಗೆ ಸರಿಸಿ
ಕಿವಿಯನ್ನು ಪರದೆಗೆ ತಂದೆ.